ಪೋಸ್ಟ್ ಹಾಕಿದ ಮೇಲೆ ಏನು? ಸ್ತ್ರೀವಾದ, ಸಿನಿಮಾ, ಜಾಲತಾಣ: ಮುಂಬಯಿ ಕನ್ನಡತಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿ ಕಡೆಯ ಕನ್ನಡ ಸಂಘಗಳ ಮಹಿಳಾ ವಿಭಾಗದ ಸಭೆಗಳಿಗೆ ಹೋಗುತ್ತಿರುತ್ತೇನೆ. ನಿಜವಾದ ಪ್ರಶ್ನೆಗಳು ಸಭೆಯಲ್ಲಿ ಬರುವುದಿಲ್ಲ. ಸಭೆ ಮುಗಿದು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ಬರುತ್ತವೆ, ಇಲ್ಲವೇ ರಾತ್ರಿ ಹನ್ನೊಂದರ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತವೆ. ಅವುಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ವಕೀಲಳಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು, ಮಹಿಳಾ ಸಂಘಟನೆಯ ಜತೆಗಿದ್ದವಳು, ಈಗ ಕೆಲವು ಕಚೇರಿಗಳಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿ ಕೂರುವವಳು. ಹಾಗಾಗಿ ನನ್ನ ಉತ್ತರಗಳಲ್ಲಿ ಅರ್ಜಿ, ದಿನಾಂಕ, ಸಹಿಗಳ ಮಾತು ಸ್ವಲ್ಪ ಜಾಸ್ತಿಯೇ ಇರುತ್ತದೆ.

ಸ್ತ್ರೀವಾದಿ ಎಂದರೆ ಗಂಡಸರ ದ್ವೇಷಿಯೇ?

ಅಲ್ಲ. ಇದಕ್ಕಿಂತ ಉದ್ದದ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕೆಳಗೆ ಗಂಡಸರ ಬಗ್ಗೆಯೇ ಒಂದು ಪ್ರಶ್ನೆ ಇದೆ, ವ್ಯವಧಾನವಿದ್ದರೆ ಓದಿ.

ಈ ಹ್ಯಾಷ್‌ಟ್ಯಾಗ್ ಗಲಾಟೆಯೆಲ್ಲ ಅಮೆರಿಕದ್ದು. ನಮ್ಮಲ್ಲಿ ಇದೆಲ್ಲ ಎಲ್ಲಿತ್ತು?

ಇದೇ ಮುಂಬಯಿಯಲ್ಲಿತ್ತು. 1885ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ‘ಎ ಹಿಂದೂ ಲೇಡಿ’ ಎಂಬ ಹೆಸರಿನಲ್ಲಿ ಬಾಲ್ಯವಿವಾಹ ಮತ್ತು ವಿಧವೆಯರ ಪಾಡಿನ ಬಗ್ಗೆ ಪತ್ರಗಳು ಪ್ರಕಟವಾದವು. ಬರೆದವರು ರಖ್ಮಾಬಾಯಿ. ಹನ್ನೊಂದನೆಯ ವಯಸ್ಸಿಗೆ ಮದುವೆ ಮಾಡಿಸಿದ್ದರು, ಬೆಳೆದ ಮೇಲೆ ಗಂಡನ ಮನೆಗೆ ಹೋಗಲು ಅವರು ಒಪ್ಪಲಿಲ್ಲ. ಗಂಡ 1884ರಲ್ಲಿ ಹೈಕೋರ್ಟಿಗೆ ಹೋದ. ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲಿಗೆ ಹೋಗು ಎಂದು 1887ರಲ್ಲಿ ಆದೇಶವಾಯಿತು. ಜೈಲಿಗೇ ಹೋಗುತ್ತೇನೆ ಎಂದರು ಆಕೆ. ತಿಲಕರ ‘ಕೇಸರಿ’ ಆಕೆಯ ವಿರುದ್ಧ ನಿಂತಿತ್ತು. ಮರುವರ್ಷ ಎರಡು ಸಾವಿರ ರೂಪಾಯಿಗೆ ರಾಜಿಯಾಗಿ, ಆಕೆ ಲಂಡನ್ನಿಗೆ ಹೋಗಿ ಓದಿ ಡಾಕ್ಟರಾಗಿ ಬಂದರು. 1891ರ ಸಮ್ಮತಿ ವಯಸ್ಸಿನ ಕಾಯಿದೆಯ ಹಿಂದೆ ಈ ಮೊಕದ್ದಮೆ ಎಬ್ಬಿಸಿದ ಚರ್ಚೆಯೂ ಇತ್ತು. ಅನಾಮಿಕ ಖಾತೆಯಿಂದ ಬರೆಯುವ ಹುಡುಗಿಯನ್ನು ಹೇಡಿ ಎನ್ನುವವರು ಆ ಪತ್ರಗಳ ಇಸವಿಯನ್ನೊಮ್ಮೆ ನೋಡಿಕೊಳ್ಳಲಿ.

ಅದೇ ಕಾಲದ ಪಂಡಿತಾ ರಮಾಬಾಯಿ ಕಾರ್ಕಳ ತಾಲೂಕಿನ ಮಾಳದ ಮನೆತನದವರು, ನಮ್ಮ ಕಡೆಯವರೇ. ವಿಧವೆಯರ ಓದಿಗೆಂದು 1889ರಲ್ಲಿ ಚೌಪಾಟಿಯ ಹತ್ತಿರ ಶಾರದಾ ಸದನ ತೆರೆದರು, ಆಮೇಲೆ ಅದನ್ನು ಪುಣೆಗೆ ಒಯ್ದರು.

ಇನ್ನೂ ಹತ್ತಿರದ್ದು ಬೇಕೆಂದರೆ ಮಥುರಾ ಪ್ರಕರಣ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತು ಎಂಬುದು ಪ್ರಕರಣ. ಮೈಮೇಲೆ ಗಾಯವಿಲ್ಲ, ಆಕೆ ಪ್ರತಿರೋಧಿಸಿಲ್ಲ ಎಂಬಂಥ ಕಾರಣ ಕೊಟ್ಟು 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಪತ್ರ ಕೈಯಿಂದ ಕೈಗೆ ಹೋಯಿತು, ನಕಲಾಯಿತು, ಮುಂಬಯಿಯಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ಹುಟ್ಟಿತು, 1980ರ ಮಾರ್ಚ್ 8ರಂದು ಹಲವು ಊರುಗಳಲ್ಲಿ ಹೆಂಗಸರು ಬೀದಿಗೆ ಬಂದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸ್ ವಶದಲ್ಲಿ ಅತ್ಯಾಚಾರ ನಡೆದಾಗ ಸಮ್ಮತಿ ಇರಲಿಲ್ಲವೆಂದು ಹೆಣ್ಣು ಹೇಳಿದರೆ ನ್ಯಾಯಾಲಯ ಅದನ್ನು ನಂಬಿ ಹೊರಡಬೇಕು ಎಂಬುದು ಅಲ್ಲಿಂದ ಬಂದದ್ದು. ಇಂಟರ್ನೆಟ್ ಇಲ್ಲದೆ ‘ವೈರಲ್’ ಆದ ಪತ್ರ ಅದು.

‘ಮೀಟೂ’, ಅಂದರೆ ‘ನನಗೂ ಹೀಗಾಗಿದೆ’ ಎಂಬ ಮಾತು ಮಾತ್ರ ಅಮೆರಿಕದ್ದು, ನಿಜ. ಅಲ್ಲಿಯೂ ಅದು ಸಿನಿಮಾ ತಾರೆಯದ್ದಲ್ಲ. ತರಾನಾ ಬರ್ಕ್ ಎಂಬ ಕಪ್ಪು ಮಹಿಳೆ 2006ರಿಂದಲೇ ಅದನ್ನು ಬಳಸುತ್ತಿದ್ದರು. ನಟಿಯೊಬ್ಬರ ಟ್ವೀಟ್‌ನಿಂದ ಲೋಕಕ್ಕೆ ಗೊತ್ತಾದದ್ದು 2017ರ ಅಕ್ಟೋಬರಿನಲ್ಲಿ.

ಮುಂಬಯಿ ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ? ನಾವು ನಮ್ಮ ಪಾಡಿಗೆ ದುಡಿದು ತಿನ್ನುವವರು.

ಅರುಣಾ ಶಾನಭಾಗ ಕೂಡ ಹಾಗೆಯೇ ದುಡಿಯಲು ಬಂದವರು, ಹೊನ್ನಾವರದ ಹತ್ತಿರದ ಹಳದೀಪುರದಿಂದ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಕೆಲಸ ಮುಗಿಸಿ ಬಟ್ಟೆ ಬದಲಿಸುವಾಗ ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದು ದೌರ್ಜನ್ಯ ಎಸಗಿದ. ಮಿದುಳಿಗೆ ರಕ್ತ ಹೋಗದೆ ಆಕೆ ಮತ್ತೆ ಏಳಲೇ ಇಲ್ಲ. ಅವನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪವೇ ದಾಖಲಾಗಲಿಲ್ಲ. ಕೊಲೆ ಯತ್ನ ಮತ್ತು ದರೋಡೆಗಾಗಿ ಏಳು ವರ್ಷ ಜೈಲು ಕಂಡು ಹೊರಗೆ ಬಂದ. ಆಕೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ 2015ರ ಮೇ 18ರವರೆಗೆ ಇದ್ದರು. ತಲೆಮಾರಿನಿಂದ ತಲೆಮಾರಿಗೆ ನರ್ಸುಗಳು ಆಕೆಯನ್ನು ನೋಡಿಕೊಂಡರು. ದಯಾಮರಣದ ಅರ್ಜಿ ಬಂದಾಗ ಅದನ್ನು ವಿರೋಧಿಸಿದವರೂ ಅವರೇ. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿ, ಕೆಲವು ಷರತ್ತುಗಳೊಂದಿಗೆ ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸುವುದಕ್ಕೆ, ದಾರಿ ತೆರೆಯಿತು.

ಆಕೆಯ ಹೆಸರು ಇಂದು ದಯಾಮರಣದ ಪಾಠದಲ್ಲಿ ಬರುತ್ತದೆ. ಕೆಲಸದ ಜಾಗದಲ್ಲಿ ಹೆಣ್ಣಿನ ಸುರಕ್ಷತೆಯ ಪಾಠದಲ್ಲಿ ಬರುವುದು ಕಡಿಮೆ. ದಾಳಿಯಾದ ಕೂಡಲೇ ಸಹೋದ್ಯೋಗಿ ನರ್ಸುಗಳು ಸುರಕ್ಷತೆ ಕೇಳಿ ಮುಷ್ಕರ ಹೂಡಿದ್ದರು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ಮೊಬೈಲಿನಲ್ಲಿ ಹರಿದಾಡಿದ ಒಂದು ಕರೆಗೆ 14ರ ರಾತ್ರಿ ಸಾವಿರಾರು ಹೆಂಗಸರು ರಸ್ತೆಗೆ ಬಂದರು. 1973ರ ನರ್ಸುಗಳ ಕೈಯಲ್ಲಿ ಆ ಮೊಬೈಲ್ ಇರಲಿಲ್ಲ, ವ್ಯತ್ಯಾಸ ಅಷ್ಟೇ.

ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ ಹೇಳುತ್ತಾರೆ?

ಪ್ರತಿ ಸಭೆಯಲ್ಲೂ ಬರುವ ಪ್ರಶ್ನೆ, ಹೆಂಗಸರೇ ಹೆಚ್ಚು ಕೇಳುವುದು.

ಆಗ ಹೇಳಿದ್ದರೆ ಯಾರಿಗೆ ಹೇಳಬೇಕಿತ್ತು? ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಒಂದು ಹೆಸರು, ಒಂದು ಮಾರ್ಗಸೂಚಿ ಬಂದದ್ದೇ 1997ರ ವಿಶಾಖಾ ತೀರ್ಪಿನಲ್ಲಿ. ಅದಕ್ಕೆ ಕಾರಣ ರಾಜಸ್ಥಾನದ ಭಂವರಿ ದೇವಿ. ಸರ್ಕಾರದ ಕೆಲಸವಾಗಿಯೇ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದವರು. ಮಾರ್ಗಸೂಚಿ ಕಾಯಿದೆಯಾಗಲು 2013ರವರೆಗೆ ಕಾಯಬೇಕಾಯಿತು. ಪತ್ರಕರ್ತೆ ಪ್ರಿಯಾ ರಮಣಿ ಹೇಳಿದ ಘಟನೆ 1993ರದ್ದು, ಮುಂಬಯಿಯ ಹೋಟೆಲಿನಲ್ಲಿ ನಡೆದ ಕೆಲಸದ ಸಂದರ್ಶನದ್ದು. 2018ರ ಅಕ್ಟೋಬರಿನಲ್ಲಿ ಅವರು ಸಂದರ್ಶನ ಮಾಡಿದ್ದ ಸಂಪಾದಕ ಎಂ.ಜೆ. ಅಕ್ಬರ್ ಅವರ ಹೆಸರು ಹೇಳಿದರು. ಅಕ್ಬರ್ ಆರೋಪ ಅಲ್ಲಗಳೆದು ಮಾನನಷ್ಟ ಮೊಕದ್ದಮೆ ಹೂಡಿದರು, ಅದೇ ತಿಂಗಳು ಕೇಂದ್ರ ಸಚಿವ ಸ್ಥಾನ ಬಿಟ್ಟರು. 2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿಯವರನ್ನು ದೋಷಮುಕ್ತಗೊಳಿಸಿತು. ದಶಕಗಳು ಕಳೆದಿದ್ದರೂ ತನಗೆ ಬೇಕಾದ ವೇದಿಕೆಯಲ್ಲಿ ದೂರು ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂಬುದು ಆ ತೀರ್ಪಿನ ಸಾರ. ಅಕ್ಬರ್ ಮೇಲ್ಮನವಿ ಹೋದರು.

ಇಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. 2013ರ ಕಾಯಿದೆಯ ಪ್ರಕಾರ ಸಮಿತಿಗೆ ದೂರು ಕೊಡಲು ಇರುವುದು ಮೂರು ತಿಂಗಳು. ಸಕಾರಣವಿದ್ದರೆ ಇನ್ನೂ ಮೂರು. ಮಾತಾಡುವ ಧೈರ್ಯ ಬರಲು ಹತ್ತು ವರ್ಷ ಬೇಕಾದವಳಿಗೆ ಆ ಬಾಗಿಲು ಮುಚ್ಚಿರುತ್ತದೆ. ಜಾಲತಾಣದಲ್ಲಿ ಬರೆಯುವವರೆಲ್ಲ ಕಾನೂನನ್ನು ಧಿಕ್ಕರಿಸಿ ಬರೆಯುತ್ತಾರೆಂದು ತಿಳಿಯಬೇಡಿ. ಬಹಳ ಮಂದಿಗೆ ಉಳಿದಿರುವುದು ಅದೊಂದೇ ಜಾಗ.

ಹೆಸರು ಹಾಕಿ ಬರೆದರೆ ನನ್ನನ್ನೇ ಜೈಲಿಗೆ ಹಾಕುತ್ತಾರೆಯೇ?

ಮಾನನಷ್ಟ ಈಗಲೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ವಿನಾಯಿತಿಯೂ ಇದೆ. ಆದರೆ ಸತ್ಯವೆಂದು ತೋರಿಸಬೇಕಾದವರು ನೀವು. ಕೋರ್ಟಿಗೆ ಅಲೆಯುವುದೇ ಅರ್ಧ ಶಿಕ್ಷೆ ಎಂಬುದು ಎದುರಿನವರಿಗೂ ಗೊತ್ತಿರುತ್ತದೆ. ಬರೆಯುವ ಮೊದಲು ವಕೀಲರೊಬ್ಬರಿಗೆ ತೋರಿಸಿ. ನಡೆದದ್ದನ್ನು ಮಾತ್ರ ಬರೆಯಿರಿ, ‘ಇವನು ಎಲ್ಲರಿಗೂ ಹೀಗೆಯೇ’ ಎಂಬಂಥದ್ದು ಬೇಡ.

ಮೊದಲು ಪೋಸ್ಟ್ ಹಾಕಲೇ, ಮೊದಲು ದೂರು ಕೊಡಲೇ?

ಮೂರು ತಿಂಗಳ ಒಳಗಿದ್ದರೆ ದೂರು. ಇದರಲ್ಲಿ ನನ್ನದು ಹಟವೇ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರು ಒಬ್ಬರು. ದೂರು ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯದೇ ಹೊಣೆ, ಇದನ್ನು ಎಷ್ಟೋ ಕಚೇರಿಗಳು ಹೇಳುವುದೇ ಇಲ್ಲ. ವಿಚಾರಣೆ ತೊಂಬತ್ತು ದಿನಗಳಲ್ಲಿ ಮುಗಿಯಬೇಕು. ದೂರಿನ ವಿವರ, ಹೆಸರು, ವಿಚಾರಣೆಯ ಮಾತು ಹೊರಗೆ ಪ್ರಕಟಿಸುವಂತಿಲ್ಲ. ಆದ್ದರಿಂದ ವಿಚಾರಣೆಯ ನಡುವೆ ಪೋಸ್ಟ್ ಹಾಕಿದರೆ ಎದುರಿನ ವಕೀಲರಿಗೆ ನೀವೇ ಅಸ್ತ್ರ ಕೊಟ್ಟಂತೆ.

ಸಮಿತಿ ಎಂದ ಮಾತ್ರಕ್ಕೆ ನ್ಯಾಯ ಸಿಕ್ಕಿಬಿಡುತ್ತದೆ ಎಂದೇನೂ ಅಲ್ಲ. ಅಂಧೇರಿ ಕಡೆಯ ಒಂದು ಕಚೇರಿಯಲ್ಲಿ ನಮಗೆ ಕೊಟ್ಟದ್ದು ಗಾಜಿನ ಗೋಡೆಯ ಕೋಣೆ. ಹೊರಗೆ ಯಾರಾದರೂ ಹಾದುಹೋದಾಗಲೆಲ್ಲ ಹುಡುಗಿ ಮಾತು ನಿಲ್ಲಿಸುತ್ತಿದ್ದಳು. ಚಹಾ ತಂದವನು ಕಪ್ಪು ಇಡುವಾಗಲಂತೂ ಬೇಕೆಂದೇ ನಿಧಾನ ಮಾಡಿದ. ಕೊನೆಗೆ ಅಂದಿನ ಪೇಪರಿನ ಹಾಳೆಗಳನ್ನು ಗಾಜಿಗೆ ಅಂಟಿಸಿ, ಬಾಗಿಲಿಗೆ ಕುರ್ಚಿ ಒಡ್ಡಿ ಕೂತೆವು. ಆಮೇಲೆ ಅವಳು ಮೊಬೈಲ್ ತೆಗೆದು ತೋರಿಸಿದಳು: ಪ್ರತಿ ಸಲ ಆದಾಗಲೂ ತನಗೆ ತಾನೇ ಕಳಿಸಿಕೊಂಡ ಇಮೇಲ್‌ಗಳು. ದಿನಾಂಕ, ಎಷ್ಟು ಹೊತ್ತಿಗೆ, ಅವನಾಡಿದ ಮಾತು ಆಡಿದ ಹಾಗೆಯೇ, ಪಕ್ಕದ ಮೇಜಿನಲ್ಲಿ ಯಾರಿದ್ದರು. ಅಳು, ಸಿಟ್ಟು, ವಿಶೇಷಣ ಒಂದೂ ಇಲ್ಲ. ಸಾಕ್ಷಿಗಳೆಲ್ಲ ಮರೆತುಹೋಯಿತು ಎಂದು ಜಾರಿಕೊಂಡರೂ ಆ ಇಮೇಲ್‌ಗಳಿಂದ ಪ್ರಕರಣ ಗೆದ್ದಿತು. ಪೋಸ್ಟ್ ಹಾಕುವ ಯೋಚನೆ ಇರಲಿ ಇಲ್ಲದಿರಲಿ, ಇದನ್ನು ಇವತ್ತಿನಿಂದಲೇ ಮಾಡಿ.

ನಾನು ಮನೆಗೆಲಸಕ್ಕೆ ಹೋಗುವವಳು. ನನ್ನ ತಂಗಿ ಸಣ್ಣ ಹೋಟೆಲಿನಲ್ಲಿದ್ದಾಳೆ. ನಮಗೆಲ್ಲಿಯ ಸಮಿತಿ?

ಇದೆ. ಹತ್ತಕ್ಕಿಂತ ಕಡಿಮೆ ಜನರಿರುವ ಜಾಗ, ಮನೆಗೆಲಸ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಮನೆಗೆಲಸದವರ ದೂರಿನಲ್ಲಿ ಹುರುಳಿದೆ ಎನಿಸಿದರೆ ಸಮಿತಿ ಅದನ್ನು ಪೊಲೀಸರಿಗೆ ಕಳಿಸಬೇಕು. ಟ್ವಿಟರ್‌ನ ಸ್ತ್ರೀವಾದ ಈ ಸ್ಥಳೀಯ ಸಮಿತಿಯ ಬಗ್ಗೆ ಮಾತನಾಡಿದ್ದನ್ನು ನಾನು ಕಂಡದ್ದು ಅಪರೂಪ. ನಮ್ಮವರು ಇಷ್ಟೊಂದು ಹೋಟೆಲು ನಡೆಸುವ ಈ ಊರಿನಲ್ಲಿ ಕನ್ನಡ ಸಂಘಗಳ ನೋಟಿಸ್ ಬೋರ್ಡಿನಲ್ಲೂ ಕಾಣೆ.

ಹ್ಯಾಷ್‌ಟ್ಯಾಗ್‌ನಿಂದ ಏನಾದರೂ ಬದಲಾಗಿದೆಯೇ?

ಕೆಲವು ಕಡೆ ಆಗಿದೆ, ಕೆಲವು ಕಡೆ ಸದ್ದು ಮಾತ್ರ ಉಳಿದಿದೆ.

2009ರ ಜನವರಿ 24ರಂದು ಶ್ರೀರಾಮ ಸೇನೆಯವರು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದ ದೃಶ್ಯವನ್ನು ನಾವು ಇಲ್ಲಿ ಕೂತು ಟಿವಿಯಲ್ಲಿ ನೋಡಿದೆವು. ಊರಿನ ಹೆಸರು ಕೆಟ್ಟಿತು ಎಂದು ಕೊರಗಿದವರು ಬಹಳ, ಹೊಡೆತ ತಿಂದವರ ಬಗ್ಗೆ ಕೇಳಿದವರು ಕಡಿಮೆ. ಫೇಸ್‌ಬುಕ್‌ನಲ್ಲಿ ಹುಟ್ಟಿದ ‘ಪಿಂಕ್ ಚಡ್ಡಿ’ ಅಭಿಯಾನ, ಪ್ರೇಮಿಗಳ ದಿನಕ್ಕೆ ಶ್ರೀರಾಮ ಸೇನೆಯ ಮುಖ್ಯಸ್ಥರಿಗೆ ಗುಲಾಬಿ ಒಳ ಉಡುಪು ಕಳಿಸಿ ಎಂದು ಕರೆ ಕೊಟ್ಟಿತು. ದೇಶವೆಲ್ಲ ನಕ್ಕಿತು, ಕೆಲವರು ಮುಖ ಸಿಂಡರಿಸಿದರು. ಬೈಗುಳಕ್ಕೆ ಬೈಗುಳವೇ ಉತ್ತರವಾಗಿದ್ದ ಕಾಲದಲ್ಲಿ ನಗೆಯನ್ನು ಆಯುಧ ಮಾಡಿದ್ದು ಜಾಣತನ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ 2018ರ ಮಾರ್ಚಿನಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯಾಧಾರವಿಲ್ಲವೆಂದು ಆರೋಪಿಗಳನ್ನು ಬಿಟ್ಟಾಗ ಆ ನಗು ಎಲ್ಲಿತ್ತು? ಒಂಬತ್ತು ವರ್ಷದ ವಿಚಾರಣೆಗೆ ಹ್ಯಾಷ್‌ಟ್ಯಾಗ್ ಇರುವುದಿಲ್ಲ.

ಇನ್ನೊಂದು, ನಮ್ಮ ಪಕ್ಕದ್ದೇ. 2012ರ ನವೆಂಬರಿನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ನಗರ ಬಂದ್ ಆದುದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಸಿಟ್ಟು ಎಲ್ಲೆಡೆ ಹರಿಯಿತು. ದೆಹಲಿಯ ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಲ್ ಸಿಟ್ಟನ್ನು ಅರ್ಜಿ ಮಾಡಿ ಸುಪ್ರೀಂ ಕೋರ್ಟಿಗೆ ಹಾಕಿದರು. 2015ರ ಮಾರ್ಚ್ 24ರಂದು, ಇಂಥ ಬಂಧನಕ್ಕೆ ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ಬಿದ್ದುಹೋಯಿತು.

ನನಗೆ ಬಹಳ ಇಷ್ಟವಾದದ್ದು ಮಾತ್ರ ಶೌಚಾಲಯದ ಹೋರಾಟ. ಹೋರಾಟ ಶುರುವಾದಾಗ ಮುಂಬಯಿಯಲ್ಲಿ ಗಂಡಸರ ಮೂತ್ರಾಲಯ ಪುಕ್ಕಟೆ, ಹೆಂಗಸರು ದುಡ್ಡು ಕೊಡಬೇಕಿತ್ತು. ‘ರೈಟ್ ಟು ಪೀ’ ಹೆಸರಿನಲ್ಲಿ 2011ರಿಂದ ಹಲವು ಸಂಘಟನೆಗಳು ಸ್ಟೇಷನ್ನುಗಳ ಹೊರಗೆ ಸಹಿ ಸಂಗ್ರಹಿಸಿದವು, ಪಾಲಿಕೆಯ ಬಾಗಿಲು ತಟ್ಟಿದವು. ಸಾರ್ವಜನಿಕ ಜಾಗದಲ್ಲಿ ಹೆಣ್ಣು ಕಾರಣವಿಲ್ಲದೆ ಸುಮ್ಮನೆ ಅಡ್ಡಾಡುವ ಹಕ್ಕಿನ ಬಗ್ಗೆ ಈ ಊರಿನಲ್ಲಿ ಒಳ್ಳೆಯ ಸಂಶೋಧನೆ ನಡೆದಿದೆ. ಆದರೆ ಮೂರು ಗಂಟೆ ಅಡ್ಡಾಡಬೇಕಾದರೆ ಮೊದಲು ಶೌಚಾಲಯ ಬೇಕಲ್ಲ! ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುವ ಮೊದಲು ನೀರು ಕುಡಿಯದ ಹೆಂಗಸರು ನನ್ನ ಡಬ್ಬಿಯಲ್ಲೇ ಎಷ್ಟು ಜನ. ಇದಕ್ಕೆ ಚಂದದ ಪೋಸ್ಟರ್ ಆಗುವುದಿಲ್ಲ, ನಟಿಯರು ವಿಡಿಯೊ ಮಾಡುವುದಿಲ್ಲ.

ನಾಯಕಿ ಬುಲೆಟ್ ಓಡಿಸಿದರೆ, ಸಿಗರೇಟು ಸೇದಿದರೆ ಅದು ಸ್ತ್ರೀವಾದಿ ಸಿನಿಮಾವೇ?

ಬುಲೆಟ್ ಓಡಿಸಲಿ ಪಾಪ. ಪೆಟ್ರೋಲಿಗೆ ಅವಳ ಕೈಯಲ್ಲಿ ದುಡ್ಡಿದೆಯೇ ಎಂದು ನಾನು ನೋಡುತ್ತೇನೆ. ಕಥೆಯಲ್ಲಿ ಅವಳಿಗೆ ಸಂಬಳ ಎಷ್ಟು, ಕುಕ್ಕರ್ ತೊಳೆಯುವವರು ಯಾರು, ಕೊನೆಯ ನಿರ್ಧಾರ ಯಾರದು? 1985ರಲ್ಲಿ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್ಡೆಲ್ ತನ್ನ ಚಿತ್ರಪಟ್ಟಿಯಲ್ಲಿ ಒಂದು ಪರೀಕ್ಷೆ ತಂದರು: ಚಿತ್ರದಲ್ಲಿ ಇಬ್ಬರು ಹೆಂಗಸರಿರಬೇಕು, ಪರಸ್ಪರ ಮಾತನಾಡಬೇಕು, ಮಾತು ಗಂಡಸಿನ ಬಗ್ಗೆ ಇರಬಾರದು. ದೊಡ್ಡ ನಾಯಕರ ಚಿತ್ರಗಳು ಇದರಲ್ಲಿ ಸಾಲುಸಾಲಾಗಿ ಫೇಲಾಗುತ್ತವೆ. ನಮ್ಮ ಧಾರಾವಾಹಿಗಳು ಮಾತ್ರ ಪಾಸು. ಪಾಯಸಕ್ಕೆ ವಿಷ ಬೆರೆಸುವ ಮಾತೂ ಗಂಡಸಿನ ಮಾತಲ್ಲವಲ್ಲ.

ಹೆಣ್ಣಿನ ಆಸೆಯನ್ನು ಹೆಣ್ಣೇ ಹೇಳಿದರೆ ಏನಾಗುತ್ತದೆ ಎನ್ನುವುದಕ್ಕೆ 2017ರ ಉದಾಹರಣೆ ಇದೆ. ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸುವಾಗ ಸೆನ್ಸಾರ್ ಮಂಡಳಿ, ಕಥೆ ‘ಲೇಡಿ ಓರಿಯೆಂಟೆಡ್’ ಎಂದು ಬರೆದಿತ್ತು! ಮೇಲ್ಮನವಿ ಮಂಡಳಿ ಎ ಪ್ರಮಾಣಪತ್ರ ಕೊಡಿಸಿದ ಮೇಲೆ ಚಿತ್ರ ತೆರೆ ಕಂಡಿತು. ಆ ಮೇಲ್ಮನವಿ ಮಂಡಳಿಯನ್ನೇ 2021ರಲ್ಲಿ ರದ್ದು ಮಾಡಿದರು, ಈಗ ಹೈಕೋರ್ಟಿಗೇ ಹೋಗಬೇಕು.

ಜಾಹೀರಾತಿನ ಮಾತು ಬೇರೆ. 1975ರಿಂದ ಬಿಳುಪು ಮಾರಿದ ಕ್ರೀಮು 2020ರಲ್ಲಿ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. ಹಾಗೆಂದು ಮದುವೆ ಜಾಹೀರಾತಿನಲ್ಲಿ ‘ಬೆಳ್ಳಗಿನ ವಧು ಬೇಕು’ ಎನ್ನುವುದು ನಿಂತಿದೆಯೇ? ಬಟ್ಟೆ ಒಗೆಯುವ ಪುಡಿಯೊಂದು 2015ರಲ್ಲಿ ‘ಒಗೆಯುವುದು ಹೆಂಗಸರ ಕೆಲಸ ಮಾತ್ರವೇ’ ಎಂದು ಕೇಳಿ ಹೊಗಳಿಸಿಕೊಂಡಿತು. ಒಳ್ಳೆಯ ಪ್ರಶ್ನೆಯೇ. ಆದರೆ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ: ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿರುತ್ತಾಳೆ, ಗಂಡಸು 88 ನಿಮಿಷ. ಜಾಹೀರಾತಿನಿಂದ ಪುಡಿ ಖರ್ಚಾಯಿತು.

ಕನ್ನಡ ಚಿತ್ರರಂಗದಲ್ಲಿ ಏನಾಯಿತು?

2018ರ ಅಕ್ಟೋಬರಿನಲ್ಲಿ ನಟಿ ಶ್ರುತಿ ಹರಿಹರನ್ ಹಿರಿಯ ನಟರೊಬ್ಬರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅವರು ಅಲ್ಲಗಳೆದರು. ಸಾಕ್ಷ್ಯ ಸಾಲದೆಂದು ಪೊಲೀಸರು 2021ರಲ್ಲಿ ಪ್ರಕರಣ ಮುಗಿಸುವ ಬಿ ರಿಪೋರ್ಟ್ ಸಲ್ಲಿಸಿದರು. ಕೇರಳದಲ್ಲಿ 2017ರಲ್ಲೇ ಚಿತ್ರರಂಗದ ಮಹಿಳೆಯರು ಸಂಘ ಕಟ್ಟಿ, ಚಿತ್ರರಂಗದ ಹೆಂಗಸರ ಪಾಡು ವಿಚಾರಿಸುವ ಹೇಮಾ ಸಮಿತಿಯನ್ನು ಸರ್ಕಾರದಿಂದ ನೇಮಿಸಿಕೊಂಡರು. 2019ರ ಕೊನೆಗೆ ಸಲ್ಲಿಕೆಯಾದ ವರದಿ ಹೊರಬಂದದ್ದು 2024ರ ಆಗಸ್ಟಿನಲ್ಲಿ. ಅದನ್ನು ಕಂಡು ಬೆಂಗಳೂರಿನ ಚಿತ್ರರಂಗದವರ ‘ಫೈರ್’ ಸಂಸ್ಥೆ ಕರ್ನಾಟಕಕ್ಕೂ ಅಂಥ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಒಂಟಿಯಾಗಿ ಹೇಳಿದವಳಿಗೂ ಸಂಘ ಕಟ್ಟಿ ಹೇಳಿದವರಿಗೂ ಆದ ಗತಿ ನೋಡಿ, ಹೆಚ್ಚಿನದನ್ನು ನಾನು ಹೇಳಬೇಕಿಲ್ಲ.

ಗ್ರೂಪಿಗೆ ಒಂದು ವಿಡಿಯೊ ಬಂತು. ನೋಡಿದರೆ ತಪ್ಪೇನು? ನಾನಂತೂ ಮಾಡಿದ್ದಲ್ಲ.

2024ರ ಏಪ್ರಿಲ್‌ನಲ್ಲಿ, ಚುನಾವಣೆಯ ಹೊತ್ತಿಗೆ, ಹಾಸನದಲ್ಲಿ ಪೆನ್ ಡ್ರೈವ್‌ಗಳು ಹರಿದಾಡಿದವು. ಹೆಂಗಸರ ಮುಖ ಮಸುಕು ಮಾಡದ ವಿಡಿಯೊಗಳು. ಮುಂಬಯಿಯ ನಮ್ಮವರ ಗ್ರೂಪುಗಳಿಗೂ ಬಂದವು. ‘ಸತ್ಯ ಗೊತ್ತಾಗಲಿ’ ಎಂದು ಮುಂದೆ ಕಳಿಸಿದವರಲ್ಲಿ ನನಗೆ ಗುರುತಿನ ಗೃಹಸ್ಥರೂ ಇದ್ದರು. ಆ ವಿಡಿಯೊಗಳಿಂದ ಅತ್ಯಾಚಾರದ ಆರೋಪ ಹೊತ್ತ ಹಾಸನದ ಮಾಜಿ ಸಂಸದನಿಗೆ 2025ರ ಆಗಸ್ಟಿನಲ್ಲಿ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮನೆಗೆಲಸ ಮಾಡುತ್ತಿದ್ದ ಹೆಂಗಸು ಹೇಳಿಕೆ ಕೊಟ್ಟು ನಿಂತದ್ದರಿಂದ ಅದು ಸಾಧ್ಯವಾಯಿತು. ನಿಮ್ಮ ಫಾರ್ವರ್ಡಿನಿಂದಲ್ಲ. ವಿಡಿಯೊದಲ್ಲಿದ್ದವರು ಊರು ಬಿಟ್ಟರು, ಮುಖ ಮುಚ್ಚಿಕೊಂಡರು.

ಕಾನೂನೂ ಕೇಳಿ: ಲೈಂಗಿಕ ಕೃತ್ಯದ ದೃಶ್ಯ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಎ ಪ್ರಕಾರ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡದ ಅಪರಾಧ. ಅತ್ಯಾಚಾರಕ್ಕೊಳಗಾದವರ ಗುರುತು ಹೊರಗೆಡಹುವುದು ಬೇರೆಯೇ ಅಪರಾಧ. ಬಂದರೆ ಅಳಿಸಿ, ಕಳಿಸಿದವರಿಗೆ ಗ್ರೂಪಿನಲ್ಲೇ, ಎಲ್ಲರೆದುರು ಹೇಳಿ. ಭಾವನೋ ದೊಡ್ಡಪ್ಪನೋ ಆಗಿದ್ದರೂ ಹೇಳಿ.

ನನ್ನ ಫೋಟೊ ಕದ್ದು ಕೆಟ್ಟದಾಗಿ ಬಳಸಿದ್ದಾರೆ. ಏನು ಮಾಡಲಿ?

ಗಾಬರಿಯಲ್ಲಿ ಅಳಿಸಬೇಡಿ. ಸ್ಕ್ರೀನ್‌ಶಾಟ್, ಕೊಂಡಿ, ದಿನಾಂಕ ಇಟ್ಟುಕೊಳ್ಳಿ. ಆಮೇಲೆ ಆ ಜಾಲತಾಣಕ್ಕೇ ದೂರು ಕೊಡಿ. ಖಾಸಗಿ ಅಂಗಾಂಗ ಅಥವಾ ನಗ್ನತೆಯ ಚಿತ್ರವಾದರೆ, ತಿರುಚಿದ್ದಾದರೂ, ನೀವೇ ದೂರು ಕೊಟ್ಟ ಎರಡು ಗಂಟೆಯೊಳಗೆ ಅವರು ತೆಗೆಯಲು ಕ್ರಮ ಕೈಗೊಳ್ಳಬೇಕು, 2021ರ ನಿಯಮದಲ್ಲಿ 24 ಗಂಟೆ ಇದ್ದದ್ದನ್ನು 2026ರ ಫೆಬ್ರವರಿಯಲ್ಲಿ ತಗ್ಗಿಸಿದರು. ‘ಸ್ಟಾಪ್ ಎನ್‌ಸಿಐಐ’ ಎಂಬ ತಾಣದಲ್ಲಿ ಚಿತ್ರವನ್ನು ಯಾರಿಗೂ ಕಳಿಸದೆ, ನಿಮ್ಮ ಫೋನಿನಲ್ಲೇ ಅದರ ಗುರುತುಸಂಖ್ಯೆ ಮಾಡಿ ಹಲವು ಜಾಲತಾಣಗಳಲ್ಲಿ ತಡೆ ಹಾಕಿಸಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181. ಯಾವ ಠಾಣೆಯಲ್ಲಾದರೂ ಎಫ್ಐಆರ್ ಮಾಡಿಸಬಹುದು, ‘ನಮ್ಮ ವ್ಯಾಪ್ತಿಯಲ್ಲ’ ಎಂದು ಕಳಿಸುವಂತಿಲ್ಲ.

ಮಾಡಿದವರು ಯಾರೆಂದು ಸಿಗುವುದೇ ಇಲ್ಲ ಎಂಬ ಮಾತು ನಂಬಬೇಡಿ. 2022ರ ಹೊಸವರ್ಷದ ದಿನ ನೂರರಷ್ಟು ಮುಸ್ಲಿಂ ಹೆಂಗಸರ ಫೋಟೊ ಹಾಕಿ ‘ಹರಾಜು’ ನಡೆಸಿದ ಆ್ಯಪ್‌ನ ಪ್ರಕರಣದಲ್ಲಿ ಮುಂಬಯಿ ಸೈಬರ್ ಪೊಲೀಸರು ಕೆಲವೇ ದಿನಗಳಲ್ಲಿ ಬಂಧಿಸಿದವರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯಿದ್ದ. ಉತ್ತರಾಖಂಡದ ಹುಡುಗಿಯೊಬ್ಬಳೂ ಇದ್ದಳು.

ಸ್ತ್ರೀವಾದದಲ್ಲಿ ಜಾತಿ ಯಾಕೆ ತರುತ್ತೀರಿ?

ತಂದವರು ನಾವಲ್ಲ. ಮೇಲೆ ಹೇಳಿದ ಮಥುರಾ ಆದಿವಾಸಿ, ಭಂವರಿ ದೇವಿ ಹಿಂದುಳಿದ ಕುಂಬಾರ ಜಾತಿಯವರು. ನಗರದ ನಾವು ಇಂದು ಎಸಿ ಕಚೇರಿಯಲ್ಲಿ ಬಳಸುವ ಕಾನೂನು ಇವರ ಮೈಮೇಲೆ ಬರೆದದ್ದು, ಇವರಿಗೆ ಮಾತ್ರ ಅದು ದಕ್ಕಲಿಲ್ಲ. 2006ರ ಸೆಪ್ಟೆಂಬರಿನಲ್ಲಿ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ದಲಿತ ತಾಯಿ, ಮಗಳು, ಇಬ್ಬರು ಗಂಡುಮಕ್ಕಳ ಹತ್ಯೆಯಾದಾಗ ದೊಡ್ಡ ಪತ್ರಿಕೆಗಳು ಎಚ್ಚರಗೊಳ್ಳಲು ವಾರಗಳೇ ಹಿಡಿದವು. ಕೊಲೆಗೆ ಶಿಕ್ಷೆಯಾಯಿತು, ಜಾತಿ ದೌರ್ಜನ್ಯವೆಂದು ನ್ಯಾಯಾಲಯ ಒಪ್ಪಲಿಲ್ಲ. ಪುಣೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಶರ್ಮಿಳಾ ರೇಗೆ ಇದನ್ನೇ ಜೀವನವಿಡೀ ಬರೆದರು: ದಲಿತ ಹೆಣ್ಣಿನ ಕಣ್ಣಿನಿಂದ ನೋಡದಿದ್ದರೆ ಕಥೆ ಅರ್ಧವೇ. ಮುಂಬಯಿಯಲ್ಲಿ ನಮ್ಮ ಸಂಘಗಳು ಬಹುಪಾಲು ಜಾತಿಯ ಹೆಸರಿನಲ್ಲೇ ನಡೆಯುತ್ತವೆ. ಪ್ರಶ್ನೆ ಕೇಳಿದವರು ಅವರ ಸಂಘದ ಬೋರ್ಡನ್ನೊಮ್ಮೆ ಓದಬಹುದು.

ಮಹಿಳಾ ದಿನಕ್ಕೆ ಕಾರ್ಯಕ್ರಮ ಮಾಡುತ್ತೇವಲ್ಲ, ಸಾಲದೇ?

ಒಂದು ಆಮಂತ್ರಣ ಪತ್ರಿಕೆ ನನ್ನೆದುರಿದೆ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ ಎಲ್ಲ ಗಂಡಸರು. ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಗೆ ಧನ್ಯವಾದ ಸಮರ್ಪಣೆ. ಸ್ಪರ್ಧೆಗಳು: ರಂಗೋಲಿ, ಹೂ ಕಟ್ಟುವುದು, ಬೆಂಕಿಯಿಲ್ಲದ ಅಡುಗೆ. ಭಾಷಣದಲ್ಲಿ ಹೆಣ್ಣನ್ನು ಭೂಮಿ, ನದಿ, ದೇವಿ ಎಂದು ಕರೆದು, ನಡುವೆ ಹೆಂಡತಿಯ ಶಾಪಿಂಗಿನ ಮೇಲೆ ಒಂದು ಜೋಕು. ಸಭೆ ನಗುತ್ತದೆ, ನಾವೂ ನಗುತ್ತೇವೆ. ಮುಂದಿನ ಮಾರ್ಚ್ 8ಕ್ಕೆ ಸ್ಥಳೀಯ ಸಮಿತಿಯ ವಿಳಾಸವನ್ನು ಆಮಂತ್ರಣದ ಹಿಂಬದಿಯಲ್ಲಿ ಅಚ್ಚು ಹಾಕಿಸಿ. ಖರ್ಚಿಲ್ಲ.

ಗಂಡಸರ ಮೇಲೆ ಸುಳ್ಳು ದೂರು ಬಂದರೆ? ಗಂಡಸರಿಗೇ ಅನ್ಯಾಯವಾದರೆ?

ದುರುದ್ದೇಶದ ಸುಳ್ಳು ದೂರಿಗೆ 2013ರ ಕಾಯಿದೆಯಲ್ಲೇ ಕ್ರಮವಿದೆ. ಆದರೆ ರುಜುವಾತಾಗದ ದೂರೆಲ್ಲ ಸುಳ್ಳು ದೂರಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಎರಡನೆಯದನ್ನು ಓದುವವರು ಕಡಿಮೆ.

ಗಂಡಸಿನ ಮೇಲೆ ಗಂಡಸು ಎಸಗುವ ಲೈಂಗಿಕ ದೌರ್ಜನ್ಯಕ್ಕೆ ಹಳೆಯ ದಂಡ ಸಂಹಿತೆಯ 377ನೇ ಕಲಮು ಒಂದು ಆಸರೆಯಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಸಮನಾದದ್ದೇ ಇಲ್ಲ. ಇದು ದೊಡ್ಡ ಅನ್ಯಾಯ. ಇದರ ಬಗ್ಗೆ ದನಿ ಎತ್ತಿದವರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಸ್ತ್ರೀವಾದಿ ವಕೀಲರೂ ಮುಂದಿದ್ದರು. ‘ಗಂಡಸರ ಹಕ್ಕು’ ಎಂದು ನಿತ್ಯ ಹ್ಯಾಷ್‌ಟ್ಯಾಗ್ ಹಾಕುವ ನಮ್ಮ ಗ್ರೂಪಿನ ಅಣ್ಣಂದಿರು ಈ ವಿಷಯದಲ್ಲಿ ಒಂದು ಸಾಲು ಬರೆದದ್ದನ್ನು ನಾನು ನೋಡಿಲ್ಲ. ಬರೆದರೆ ಮೊದಲ ಸಹಿ ನನ್ನದು.

ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ಏನೇನೋ ಬರೆಯುತ್ತಾಳೆ. ಮೊಬೈಲ್ ಕಿತ್ತುಕೊಳ್ಳಲೇ?

ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಟರ್ನೆಟ್ ಎಂದಾದರೂ ಬಳಸಿದ ಹೆಂಗಸರು ನೂರಕ್ಕೆ ಮೂವತ್ತಮೂರು, ಗಂಡಸರು ಐವತ್ತೇಳು. ಕಿತ್ತುಕೊಂಡ ಮೊಬೈಲುಗಳ ಲೆಕ್ಕ ಈಗಾಗಲೇ ಸಾಕಷ್ಟಿದೆ. ಅವಳು ಬರೆದದ್ದನ್ನು ಓದಿ, ಒಪ್ಪದಿದ್ದರೆ ಜಗಳವಾಡಿ, ಆದರೆ ಮನೆಯೊಳಗೆ. ಬೈಗುಳ ಬಂದಾಗ ‘ಮೊದಲೇ ಹೇಳಿದ್ದೆ’ ಎಂದರೆ ಅವಳು ಮುಂದಿನ ಸಲ ನಿಮಗೆ ಹೇಳುವುದಿಲ್ಲ. ಹದಿನೆಂಟು ತುಂಬದವಳಾದರೆ ಖಾತೆ ಖಾಸಗಿಯಾಗಿರಲಿ, ಶಾಲೆಯ ಹೆಸರು, ದಿನಾ ಹತ್ತುವ ಲೋಕಲ್ ಸ್ಟೇಷನ್ನು ಫೋಟೊದಲ್ಲಿ ಕಾಣದಿರಲಿ. ಹಾಗೆಯೇ ನಿಮ್ಮ ಫೋನನ್ನೂ ಅವಳ ಕೈಗೆ ಕೊಟ್ಟು ಎರಡು ಹಂತದ ಭದ್ರತೆ ಹಾಕಿಸಿಕೊಳ್ಳಿ. ಅದರ ಪಾಸ್‌ವರ್ಡ್ ಈಗ ನಿಮ್ಮ ಯಜಮಾನರ ಬಳಿ ಇದ್ದರೆ, ಬದಲಿಸುವುದನ್ನೂ ಅವಳೇ ತೋರಿಸಿಕೊಡುತ್ತಾಳೆ.